ಹಳೇ ಹಾಲಿವುಡ್ ಸಿನಿಮಾದಲ್ಲಿ ನಟನೆ ನೋಡೋದು ಹೇಗೆ? ಮುಖಕ್ಕಿಂತ ಮುಂಚೆ ಕೈ ನೋಡಿ

ಪ್ರಶ್ನೆ: ನಂಗೆ ಸಿನಿಮಾ ಹುಚ್ಚು ಸರ್, ಕನ್ನಡ, ಮಲಯಾಳಂ, ಕೊರಿಯನ್ ಎಲ್ಲಾ ನೋಡ್ತೀನಿ. ಆದ್ರೆ 1940, 50ರ ಕಾಲದ ಅಮೆರಿಕನ್ ಸಿನಿಮಾ ಹಾಕಿದ್ರೆ ಅರ್ಧ ಗಂಟೆಗೇ ಆಫ್ ಮಾಡಿಬಿಡ್ತೀನಿ. ಎಲ್ರೂ "ಏನ್ ಆಕ್ಟಿಂಗು" ಅಂತಾರೆ, ನಂಗೆ ನಾಟಕದ ಥರ ಕಾಣತ್ತೆ, ಇಂಗ್ಲಿಷ್ ಬೇರೆ ಸಿಕ್ಕಾಪಟ್ಟೆ ಫಾಸ್ಟು. ಬ್ರಾಂಡೊ ಯಾಕೆ ಅಷ್ಟು ದೊಡ್ಡ ನಟ? ಮೆಥಡ್ ಆಕ್ಟಿಂಗ್ ಅಂದ್ರೆ ತೂಕ ಏರಿಸೋದು ಇಳಿಸೋದು ಅಷ್ಟೇನಾ? ಒಳ್ಳೇ ನಟನೆ ಅಂತ ಗುರುತು ಹಿಡಿಯೋದು ಹೇಗೆ, ಯಾವ ಸಿನಿಮಾದಿಂದ ಶುರು ಮಾಡ್ಲಿ?

ಉತ್ತರ: ಮೊದ್ಲು ನೇರವಾಗಿ ಹೇಳಿಬಿಡ್ತೀನಿ, ಆಮೇಲೆ ಒಂದೊಂದೇ ಸೀನ್ ಹಿಡ್ಕೊಂಡು ಮಾತಾಡೋಣ. ಮುಖ ನೋಡೋದನ್ನ ಸ್ವಲ್ಪ ಹೊತ್ತು ಬಿಟ್ಟು ಕೈ ನೋಡಿ. ನಟನೆ ಅಂದ ತಕ್ಷಣ ನಾವೆಲ್ಲ ಕಣ್ಣು, ಕಣ್ಣೀರು, ಡೈಲಾಗ್ ಹೇಳೋ ಸ್ಟೈಲು ಇಷ್ಟರಲ್ಲೇ ಹುಡುಕ್ತೀವಿ, ಆದ್ರೆ ನಿಜ ಜೀವನದಲ್ಲಿ ಯಾರೂ ಬರೀ ದುಃಖ ಪಡ್ತಾ ಕೋಪ ಮಾಡ್ಕೊಳ್ತಾ ಕೂತಿರಲ್ಲ, ಸೊಪ್ಪು ಬಿಡಿಸ್ತಾನೋ ಶರ್ಟಿಗೆ ಗುಂಡಿ ಹಾಕ್ಕೊಳ್ತಾನೋ ಇರ್ತಾರೆ, ಆಗ್ಲೇ ಸುದ್ದಿ ಬರತ್ತೆ, ಆಗ ಆ ಕೈಕೆಲಸಕ್ಕೆ ಏನಾಗತ್ತೆ? ನಿಂತೋಗತ್ತಾ, ಜೋರಾಗತ್ತಾ, ತಪ್ಪಾಗತ್ತಾ, ಅಥವಾ ಏನೂ ಆಗಿಲ್ಲ ಅನ್ನೋ ಥರ ಮುಂದುವರಿಯತ್ತಾ? ದೊಡ್ಡ ನಟ ನಟಿಯರು ಈ ಜಾಗದಲ್ಲೇ ಆಟ ಆಡೋದು. ನಟನೆ ಕಲಿಸೋ ಕೆಲಸದಲ್ಲಿ ಇರೋನು ನಾನು, ಹೊಸ ಹುಡುಗರಿಗೆ ಕ್ಲಾಸಲ್ಲಿ ಸೌಂಡ್ ಆಫ್ ಮಾಡಿ ಸೀನ್ ತೋರಿಸೋದು ಇದಕ್ಕೇನೇ.

ನೀವು ಬಹುಶಃ ನೋಡಿರೋ ಸಿನಿಮಾದಿಂದಾನೇ ಶುರು ಮಾಡ್ತೀನಿ, 1972ರ 'ದ ಗಾಡ್‌ಫಾದರ್'. ಆಸ್ಪತ್ರೆ ಸೀನ್ ನೆನಪಿದ್ಯಾ? ಮಾಫಿಯಾ ದೊರೆಯಾಗಿರೋ ಅಪ್ಪ ವೀಟೋ ಕಾರ್ಲಿಯೋನೆ ಬೆಡ್ ಮೇಲೆ, ಕಾವಲಿಗಿದ್ದೋರನ್ನ ಯಾರೋ ಬೇಕಂತ ಕಳಿಸಿಬಿಟ್ಟಿದ್ದಾರೆ, ಕೊಲ್ಲೋಕೆ ಜನ ಬರ್ತಿದ್ದಾರೆ ಅಂತ ಮಗ ಮೈಕಲ್‌ಗೆ, ಅಂದ್ರೆ ಅಲ್ ಪಚಿನೋಗೆ, ಗೊತ್ತಾಗತ್ತೆ. ಅದೇ ಹೊತ್ತಿಗೆ ಬೇಕರಿಯ ಎಂಜೋ ಹೂ ಹಿಡ್ಕೊಂಡು ನೋಡೋಕೆ ಬರ್ತಾನೆ, ಪಾಪ, ಅವನಿಗೂ ಈ ಗಲಾಟೆಗೂ ಸಂಬಂಧಾನೇ ಇಲ್ಲ. ಮೈಕಲ್ ಅವನ ಕೋಟಿನ ಕಾಲರ್ ಏರಿಸಿ, ಜೇಬಲ್ಲಿ ಗನ್ ಇರೋ ಥರ ಕೈ ಇಟ್ಕೋ ಅಂತ ಹೇಳಿ ಇಬ್ರೂ ಆಸ್ಪತ್ರೆ ಮೆಟ್ಟಿಲ ಹತ್ರ ನಿಲ್ತಾರೆ. ಕಾರ್ ಬರತ್ತೆ, ನಿಧಾನ ಮಾಡತ್ತೆ, ಒಳಗಿರೋರು ಇವರನ್ನ ನೋಡಿ ಹೊರಟೋಗ್ತಾರೆ. ಎಲ್ರಿಗೂ ಇಷ್ಟು ನೆನಪಿರತ್ತೆ. ನಾನು ಹೇಳೋದು ಅದಾದ್ಮೇಲಿನ ಕೆಲವೇ ಸೆಕೆಂಡು. ಎಂಜೋ ಸಿಗರೇಟ್ ಬಾಯಿಗಿಟ್ಟು ಲೈಟರ್ ಹಚ್ಚೋಕೆ ನೋಡ್ತಾನೆ, ಕೈ ಗಡಗಡ ನಡುಗ್ತಿದೆ, ಹತ್ತಲ್ಲ. ಮೈಕಲ್ ಲೈಟರ್ ತಗೊಂಡು ಹಚ್ಚಿಕೊಡ್ತಾನೆ. ಹಚ್ಚಿ ಆದ್ಮೇಲೆ ತನ್ನ ಕೈಯನ್ನೇ ಒಂದು ಕ್ಷಣ ನೋಡ್ತಾನೆ, ನಡುಗ್ತಿಲ್ಲ. ಅಷ್ಟೇ. ಒಂದು ಮಾತಿಲ್ಲ. ಕಾಲೇಜು ಓದಿ, ಯುದ್ಧಕ್ಕೆ ಹೋಗಿ ಬಂದು, "ನಾನು ನಮ್ಮ ಮನೆಯವರ ಥರ ಅಲ್ಲ" ಅಂತ ಇದ್ದ ಹುಡುಗನಿಗೆ ತಾನು ಯಾರು ಅಂತ ಅಲ್ಲಿ ಗೊತ್ತಾಗತ್ತೆ. ಪಚಿನೋ ಆ ನೋಟವನ್ನ ಎಷ್ಟು ಚಿಕ್ಕದು ಮಾಡ್ತಾರೆ ಅಂದ್ರೆ ಫೋನ್ ನೋಡ್ತಾ ಕೂತಿದ್ರೆ ಮಿಸ್ ಆಗತ್ತೆ. ಹುಬ್ಬೇರಿಸಿ ಅಥವಾ ಸಣ್ಣದಾಗಿ ನಕ್ಕು ಅದನ್ನ ನಮಗೆ ಅಂಡರ್‌ಲೈನ್ ಮಾಡಿ ತೋರಿಸಬಹುದಿತ್ತು, ಮಾಡಲ್ಲ.

ಅದೇ ಸಿನಿಮಾದಲ್ಲಿ ಇದಕ್ಕೆ ಮುಂಚೆ ಇನ್ನೊಂದು ಕೈ ಬಂದು ಹೋಗಿರತ್ತೆ. ಹಣ್ಣಿನ ಅಂಗಡಿ ಹತ್ರ ಅಪ್ಪನಿಗೆ ಗುಂಡು ಬೀಳುವಾಗ ಅಣ್ಣ ಫ್ರೆಡೋ ಅಲ್ಲೇ ಇರ್ತಾನೆ, ಗನ್ ತೆಗೀತಾನೆ, ಅದು ಕೈಯಲ್ಲಿ ನಿಲ್ಲೋದೇ ಇಲ್ಲ, ಜಾರಿ ಬೀಳತ್ತೆ, ಕೊನೆಗೆ ರಸ್ತೆ ಪಕ್ಕ ಕೂತು ಮಗು ಥರ ಅಳ್ತಾನೆ. ಆ ಪಾತ್ರ ಮಾಡಿದ್ದು ಜಾನ್ ಕಜಾಲ್. ಈ ಮನುಷ್ಯ ಮಾಡಿದ್ದು ಐದೇ ಫೀಚರ್ ಸಿನಿಮಾ, ಐದೂ ಬೆಸ್ಟ್ ಪಿಕ್ಚರ್ ಆಸ್ಕರ್‌ಗೆ ನಾಮಿನೇಟ್ ಆದವು, 1978ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ್ರು, ಅವರಿಗೆ ಅಂತ ಒಂದು ನಾಮಿನೇಶನ್ ಕೂಡ ಬರ್ಲಿಲ್ಲ. ಎರಡನೇ ಭಾಗದಲ್ಲಿ ತಮ್ಮನ ಮುಂದೆ ಒರಗುಕುರ್ಚಿಯಲ್ಲಿ ಬಿದ್ದುಕೊಂಡು "ನಾನೂ ಜಾಣ, ನಂಗೂ ಮರ್ಯಾದೆ ಬೇಕಿತ್ತು" ಅಂತ ಕೂಗೋ ಸೀನ್ ನೋಡಿ. ಆ ಕುರ್ಚಿಯಿಂದ ಎದ್ದು ಕೂರೋಕೂ ಆಗದೆ ಒದ್ದಾಡೋ ಆ ಮೈ ನೋಡಿದ್ರೆ ಇವನ ಮಾತು ಯಾಕೆ ಯಾರೂ ಕೇಳಲ್ಲ ಅಂತ ಅರ್ಥ ಆಗತ್ತೆ, ನೋಡೋಕೇ ಸಂಕಟ ಆಗತ್ತೆ.

ಈಗ ಬ್ರಾಂಡೊ. ಅವರ ದೊಡ್ಡತನ ತಿಳಿಯೋಕೆ 1954ರ 'ಆನ್ ದ ವಾಟರ್‌ಫ್ರಂಟ್' ಸಾಕು, ಎಲಿಯಾ ಕಜಾನ್ ನಿರ್ದೇಶನ, ನ್ಯೂಜೆರ್ಸಿಯ ಹೋಬೋಕನ್‌ನಲ್ಲಿ ಚಳಿಗಾಲದಲ್ಲಿ ಹೊರಗಡೇನೇ ಶೂಟ್ ಮಾಡಿದ್ದು, ನಟರ ಬಾಯಿಂದ ಹಬೆ ಬರೋದು ನಿಜವಾದ ಹಬೆ. ಬ್ರಾಂಡೊ ಪಾತ್ರ ಟೆರ್ರಿ ಮಲ್ಲೋಯ್, ಬಾಕ್ಸರ್ ಆಗಿದ್ದು ಈಗ ಬಂದರಿನ ರೌಡಿ ಯೂನಿಯನ್‌ಗೆ ಚಾಕರಿ ಮಾಡ್ಕೊಂಡು ಇರೋನು. ಅವರ ಮಾತು ಕೇಳಿ ಜೋಯಿ ಅನ್ನೋ ಹುಡುಗನನ್ನ ಪಾರಿವಾಳದ ನೆಪ ಹೇಳಿ ಮಹಡಿ ಮೇಲೆ ಕಳಿಸಿರ್ತಾನೆ, ಅಲ್ಲಿ ಅವನನ್ನ ಕೆಳಗೆ ತಳ್ಳಿ ಸಾಯಿಸ್ತಾರೆ. ಸುಮ್ನೆ ಮಾತಾಡಿಸ್ತಾರೆ ಅಂದ್ಕೊಂಡಿದ್ದ ಟೆರ್ರಿ. ಈಗ ಆ ಸತ್ತ ಹುಡುಗನ ತಂಗಿ ಈಡಿ ಜೊತೆ ಪಾರ್ಕಲ್ಲಿ ನಡ್ಕೊಂಡು ಹೋಗ್ತಿದ್ದಾನೆ, ಅವಳಿಗೆ ಇವನ ಪಾಲು ಏನು ಅಂತ ಗೊತ್ತಿಲ್ಲ. ಈಡಿ ಮಾಡಿರೋದು ಈವಾ ಮೇರಿ ಸೇಂಟ್, ಅವರ ಮೊದಲ ಸಿನಿಮಾ.

ನಡೀತಾ ಅವಳ ಕೈಗವಸು ಕೆಳಗೆ ಬೀಳತ್ತೆ. ಬಿಳೀದು, ಚಿಕ್ಕದು. ಇವನು ಎತ್ಕೊಳ್ತಾನೆ, ಆದ್ರೆ ಕೊಡಲ್ಲ. ಮಾತಾಡ್ತಾನೇ ಅದಕ್ಕೆ ಅಂಟಿರೋ ಧೂಳು ಕಸ ತೆಗೀತಾನೆ, ಮಕ್ಕಳ ಉಯ್ಯಾಲೆ ಮೇಲೆ ಕೂರ್ತಾನೆ, ಆಮೇಲೆ ನಿಧಾನಕ್ಕೆ ಆ ಗವಸಿನೊಳಗೆ ತನ್ನ ದಪ್ಪ ಬಾಕ್ಸರ್ ಕೈಯನ್ನ ತೂರಿಸ್ತಾನೆ. ಅವಳಿಗೆ ಹೋಗ್ಬೇಕು, ಇವನ ಜೊತೆ ನಿಂತಿರೋದು ಸರಿ ಅಲ್ಲ ಅನ್ಸತ್ತೆ, ಆದ್ರೆ ಗವಸು ಇವನ ಕೈಯಲ್ಲಿದೆಯಲ್ಲ, ನಿಲ್ಲಲೇಬೇಕು. ಅವಳನ್ನ ಮುಟ್ಟೋ ಹಕ್ಕು ಅವನಿಗಿಲ್ಲ, ಅದು ಅವನಿಗೆ ಗೊತ್ತು, ಗವಸನ್ನ ಮುಟ್ತಿದ್ದಾನೆ. ರಿಹರ್ಸಲ್‌ನಲ್ಲಿ ಗವಸು ಕೈತಪ್ಪಿ ಬಿದ್ದಿದ್ದು, ಬ್ರಾಂಡೊ ಪಾತ್ರದಿಂದ ಆಚೆ ಬರದೆ ಅದನ್ನೇ ಎತ್ಕೊಂಡು ಮುಂದುವರಿಸಿದ್ದು, ಆಮೇಲೆ ಅದನ್ನ ಸೀನಲ್ಲೇ ಉಳಿಸಿಕೊಂಡಿದ್ದು ಅಂತ ಕಜಾನ್ ಮತ್ತು ಸೇಂಟ್ ಇಬ್ಬರೂ ಹೇಳಿದ್ದಾರೆ. ಇದನ್ನ ಕೇಳಿ ಎಲ್ರೂ ಬ್ರಾಂಡೊನ ಹೊಗಳ್ತಾರೆ, ಹೊಗಳಬೇಕಾದ್ದೇ, ಆದ್ರೆ ನೀವು ಎರಡನೇ ಸಲ ನೋಡುವಾಗ ಸೇಂಟ್‌ನ ನೋಡಿ. ಆಕೆಯ ಕಣ್ಣು ಆಗಾಗ ಗವಸಿನ ಕಡೆ ಹೋಗತ್ತೆ, ಕೈ ಅರ್ಧ ಮುಂದೆ ಬಂದು ಹಿಂದೆ ಹೋಗತ್ತೆ, ಒಬ್ಬರು ಹಿಡ್ಕೊಂಡು ಇನ್ನೊಬ್ಬರು ಕಾದರೇನೇ ಆ ಸೀನ್ ನಡೆಯೋದು. ಇಬ್ಬರಿಗೂ ಆ ವರ್ಷ ಆಸ್ಕರ್ ಬಂತು.

ಇನ್ನು ಅದೇ ಸಿನಿಮಾದ ಟ್ಯಾಕ್ಸಿ ಸೀನ್, "ನಾನೂ ಏನಾದ್ರೂ ಆಗ್ಬಹುದಿತ್ತು" ಅಂತ ಟೆರ್ರಿ ಅಣ್ಣನ ಹತ್ರ ಹೇಳೋದು, ಎಲ್ಲಾ ಕಡೆ ಕ್ಲಿಪ್ ಓಡಾಡತ್ತೆ. ಆ ಡೈಲಾಗ್ ಬರೋಕೆ ಸ್ವಲ್ಪ ಮುಂಚೆ ಅಣ್ಣ ಚಾರ್ಲಿ, ಅಂದ್ರೆ ರಾಡ್ ಸ್ಟೈಗರ್, ತಮ್ಮನ ಮೇಲೆ ಗನ್ ಹಿಡೀತಾನೆ. ಬೇರೆ ಯಾವ ನಟ ಆಗಿದ್ರೂ ಬೆಚ್ಚಿಬೀಳ್ತಿದ್ದ ಇಲ್ಲಾ ಕೂಗಾಡ್ತಿದ್ದ. ಬ್ರಾಂಡೊ ಗನ್ನಿನ ನಳಿಕೆ ಮೇಲೆ ಮೆತ್ತಗೆ ಕೈಯಿಟ್ಟು ಪಕ್ಕಕ್ಕೆ ಸರಿಸ್ತಾನೆ, ಅಯ್ಯೋ ಚಾರ್ಲಿ ಅನ್ನೋ ಥರ ತಲೆ ಆಡಿಸ್ತಾನೆ. ಅಣ್ಣ ಇಷ್ಟು ಕೆಳಗೆ ಇಳಿದ್ನಲ್ಲ ಅನ್ನೋ ನಾಚಿಕೆ, ಅದೂ ಅಣ್ಣನ ಪರವಾಗಿ ತಾನೇ ಪಡೋ ನಾಚಿಕೆ ಆ ಕೈಯಲ್ಲಿದೆ. ನನ್ನ ಮಟ್ಟಿಗೆ ಆ ಸೀನ್‌ನ ಅರ್ಧ ಕ್ರೆಡಿಟ್ ಸ್ಟೈಗರ್‌ಗೆ ಹೋಗ್ಬೇಕು. ಬ್ರಾಂಡೊಗೆ ಸಂಜೆ ಮನೋವೈದ್ಯರ ಅಪಾಯಿಂಟ್‌ಮೆಂಟ್ ಇರ್ತಿತ್ತು, ತನ್ನ ಕ್ಲೋಸಪ್ ಮುಗಿಸಿ ಹೊರಟುಬಿಟ್ರು, ಸ್ಟೈಗರ್ ತನ್ನ ಕ್ಲೋಸಪ್‌ಗಳನ್ನ ಎದುರಿಗೆ ಬ್ರಾಂಡೊ ಇಲ್ಲದೇನೇ ಮಾಡ್ಬೇಕಾಯ್ತು, ಆ ನೋವನ್ನ ಅವರು ಎಷ್ಟೋ ವರ್ಷ ಹೇಳ್ಕೊಂಡು ಬಂದ್ರು. ಅದು ಗೊತ್ತಿದ್ದು ನೋಡಿದ್ರೆ ಆ ಮುಖದಲ್ಲಿ ಮಾತು ಇಳಿಯೋ ರೀತಿ ಇನ್ನೂ ಆಶ್ಚರ್ಯ ಅನ್ಸತ್ತೆ.

ಮೆಥಡ್ ಬಗ್ಗೆ ಕೇಳಿದ್ರಿ. ತೂಕಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ, ಪಾತ್ರದ ಭಾವನೆಯನ್ನ ನಟ ಒಳಗಿನಿಂದ ನಿಜವಾಗಿ ತರೋ ಅಭ್ಯಾಸ ಅದು. ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಮಾಸ್ಕೋ ಆರ್ಟ್ ಥಿಯೇಟರ್ 1923ರಲ್ಲಿ ಅಮೆರಿಕಕ್ಕೆ ಬಂದು ನಾಟಕ ಆಡಿತು, ಅದನ್ನ ನೋಡಿ ಅಲ್ಲಿನ ಹುಡುಗರಿಗೆ ಹುಚ್ಚು ಹಿಡೀತು, 1931ರಲ್ಲಿ ನ್ಯೂಯಾರ್ಕ್‌ನಲ್ಲಿ ಗ್ರೂಪ್ ಥಿಯೇಟರ್ ಶುರುವಾಯ್ತು, ಅದರಲ್ಲಿ ಲೀ ಸ್ಟ್ರಾಸ್‌ಬರ್ಗ್ ಅನ್ನೋರು ನಟ ತನ್ನ ಸ್ವಂತ ಬದುಕಿನ ನೆನಪನ್ನ ಕೆದಕಿ ಭಾವನೆ ತರಬೇಕು ಅಂತ ಕಲಿಸೋರು. ಅದೇ ತಂಡದ ನಟಿ ಸ್ಟೆಲ್ಲಾ ಆಡ್ಲರ್‌ಗೆ ಇದು ಹಿಡಿಸ್ಲಿಲ್ಲ, 1934ರಲ್ಲಿ ಪ್ಯಾರಿಸ್‌ಗೆ ಹೋಗಿ ಸ್ಟಾನಿಸ್ಲಾವ್‌ಸ್ಕಿ ಹತ್ರಾನೇ ಕೂತು ಕಲಿತು ಬಂದು, ಪಾತ್ರ ಇರೋ ಸನ್ನಿವೇಶ, ಅದು ಮಾಡ್ತಿರೋ ಕೆಲಸ, ನಟನ ಕಲ್ಪನೆ ಇವೇ ಮುಖ್ಯ ಅಂತ ವಾದ ಮಾಡಿದ್ರು. ಇಬ್ಬರ ಜಗಳ ಕೊನೇವರೆಗೂ ಮುಗೀಲಿಲ್ಲ. 1947ರಲ್ಲಿ ಕಜಾನ್ ಮತ್ತಿಬ್ಬರು ಸೇರಿ ಶುರು ಮಾಡಿದ ಆಕ್ಟರ್ಸ್ ಸ್ಟುಡಿಯೋ ಅನ್ನೋ ನಟರ ತರಬೇತಿ ಸಂಸ್ಥೆ ಆಮೇಲೆ ಸ್ಟ್ರಾಸ್‌ಬರ್ಗ್ ಕೈಗೆ ಬಂತು, ಹಾಗಾಗಿ ಹೊರಗಿನ ಜನಕ್ಕೆ ಮೆಥಡ್ ಅಂದ್ರೆ ಅವರ ಹೆಸರೇ ನೆನಪಾಗೋದು. ಬ್ರಾಂಡೊ ಮಾತ್ರ ನನ್ನ ಗುರು ಸ್ಟೆಲ್ಲಾ ಆಡ್ಲರ್ ಅಂತಾನೇ ಹೇಳ್ತಿದ್ರು, ಆ ಗವಸಿನ ಸೀನ್ ನೋಡಿದ್ರೆ ಯಾಕೆ ಅಂತ ಗೊತ್ತಾಗತ್ತೆ. ಅಂದಹಾಗೆ 'ಗಾಡ್‌ಫಾದರ್' ಎರಡನೇ ಭಾಗದಲ್ಲಿ ಹೈಮನ್ ರಾತ್ ಅನ್ನೋ ಮುದುಕನ ಪಾತ್ರ ಮಾಡಿರೋದು ಇದೇ ಸ್ಟ್ರಾಸ್‌ಬರ್ಗ್, ಶಿಷ್ಯ ಪಚಿನೋ ಎದುರಿಗೆ ಕೂತು.

ತೂಕದ ಕಥೆ ಬಂದಿದ್ದು ಮುಖ್ಯವಾಗಿ 1980ರ 'ರೇಜಿಂಗ್ ಬುಲ್' ಇಂದ, ಡಿ ನೀರೋ ಸುಮಾರು 27 ಕೆಜಿ ಏರಿಸಿದ್ರು, ಅದಕ್ಕೋಸ್ಕರ ಶೂಟಿಂಗೇ ನಿಲ್ಲಿಸಿದ್ರು. ಶ್ರದ್ಧೆ ದೊಡ್ಡದೇ. ಆದ್ರೆ ಆ ಸಿನಿಮಾದ ನಟನೆ ನೋಡ್ಬೇಕಂದ್ರೆ ಟಿವಿ ರಿಪೇರಿ ಸೀನ್ ನೋಡಿ, ಅಲ್ಲಿ ಅವರಿನ್ನೂ ಅಷ್ಟು ದಪ್ಪ ಆಗಿಲ್ಲ. ಚಿತ್ರ ಸರಿಯಾಗಿ ಬರ್ತಿಲ್ಲ ಅಂತ ಟಿವಿ ಜೊತೆ ಗುದ್ದಾಡ್ತಾ, ಸುಮ್ನೆ ಕೇಳೋ ಥರ ತಮ್ಮನನ್ನ ತನ್ನ ಹೆಂಡತಿ ಬಗ್ಗೆ ಪ್ರಶ್ನೆ ಕೇಳೋಕೆ ಶುರು ಮಾಡ್ತಾನೆ. ಟಿವಿ ಕಡೆಗಿದ್ದ ಗಮನ ಪೂರ್ತಿ ತಮ್ಮನ ಕಡೆ ತಿರುಗೋ ಹೊತ್ತಿಗೆ ನಮಗೆ ಭಯ ಆಗಿರತ್ತೆ.

"ನಾಟಕದ ಥರ" ಅನ್ನೋ ನಿಮ್ಮ ಮಾತಿಗೆ ಬರ್ತೀನಿ. ಅದು ಪೂರ್ತಿ ತಪ್ಪಲ್ಲ. ಸಿನಿಮಾಕ್ಕೆ ಮಾತು ಬಂದಿದ್ದು 1927ರ ಸುಮಾರಿಗೆ, ಬ್ರಾಡ್‌ವೇ ನಾಟಕದವರನ್ನೇ ಹಾಲಿವುಡ್ ಎಳ್ಕೊಂಡು ಬಂತು, ಅವರ ಉಚ್ಚಾರಣೆಯೂ ಅರ್ಧ ಬ್ರಿಟಿಷ್ ಅರ್ಧ ಅಮೆರಿಕನ್, ಅದನ್ನ ಕಲಿಸಿಯೇ ಕೊಡ್ತಿದ್ರು. ನಮ್ಮಲ್ಲೂ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಇವರೆಲ್ಲ ಕಂಪನಿ ನಾಟಕದಿಂದ ಬಂದೋರೇ, ಆ ಗಟ್ಟಿ ದನಿಗೆ ನಾವು ಹೊಂದಿಕೊಂಡಿದ್ದೀವಿ, ಅಮೆರಿಕದವರ ಗಟ್ಟಿ ದನಿಗೆ ಇನ್ನೂ ಹೊಂದಿಕೊಂಡಿಲ್ಲ ಅಷ್ಟೇ. ದನಿ ನಾಟಕದ್ದೇ ಇರ್ಲಿ, ಮೈ ಏನು ಮಾಡ್ತಿದೆ ನೋಡಿ ಅಂತ ನಾನು ಹೇಳೋದು, ಯಾಕಂದ್ರೆ ದನಿ ಹಳೇದಾದ್ರೂ ಮೈ ಹಳೇದಾಗಿಲ್ಲ.

ಬೆಟ್ಟಿ ಡೇವಿಸ್‌ನ ತಗೊಳ್ಳಿ, 'ದ ಲಿಟಲ್ ಫಾಕ್ಸಸ್', 1941, ನಾಟಕದಿಂದಾನೇ ಮಾಡಿದ ಸಿನಿಮಾ, ವಿಲಿಯಂ ವೈಲರ್ ನಿರ್ದೇಶನ. ರೆಜಿನಾ ಅನ್ನೋ ಹೆಂಗಸು, ಗಂಡ ಹೃದ್ರೋಗಿ, ಇಬ್ಬರಿಗೂ ದುಡ್ಡಿನ ವಿಷಯಕ್ಕೆ ಜಗಳ. ಅವನಿಗೆ ನೋವು ಬರತ್ತೆ, ಔಷಧಿ ಬಾಟಲಿ ಕೈಜಾರಿ ಒಡೆದುಹೋಗತ್ತೆ, ಮೇಲೆ ಇನ್ನೊಂದಿದೆ ತಂದುಕೊಡು ಅಂತಾನೆ. ಅವಳು ಏಳಲ್ಲ. ಕ್ಯಾಮೆರಾ ಅವಳ ಮೇಲೇ ಇರತ್ತೆ, ಹಿಂದುಗಡೆ ಮಸುಕು ಮಸುಕಾಗಿ ಗಂಡ ಮೆಟ್ಟಿಲ ಕಡೆ ತಡವರಿಸ್ಕೊಂಡು ಹೋಗಿ ಕುಸಿಯೋದು ಕಾಣತ್ತೆ, ಫೋಕಸ್ ಕೂಡ ಅವನಿಗೆ ಕೊಟ್ಟಿಲ್ಲ. ಕುರ್ಚಿಯಲ್ಲಿ ಕೂತ ಆ ಹೆಂಗಸು ಅಲ್ಲಾಡದೆ ಇರೋದನ್ನೇ ಒಂದು ಕೆಲಸದ ಥರ ಮಾಡ್ತಾಳೆ, ಮೈಯ ಒಂದೊಂದು ಸ್ನಾಯುವೂ ಆ ಕೆಲಸದಲ್ಲಿ ಇರತ್ತೆ. ಅವನು ಬಿದ್ದ ಮೇಲೆ ಎದ್ದು ಓಡ್ತಾಳೆ, ಜನರನ್ನ ಕೂಗ್ತಾಳೆ, ಆಗ ಮಾತ್ರ ಬೇಕಂತ್ಲೇ "ನಟಿಸ್ತಾಳೆ".

ಇದಾಗಿ ಮೂರು ವರ್ಷಕ್ಕೆ ಬಿಲ್ಲಿ ವೈಲ್ಡರ್ ಅವರ 'ಡಬಲ್ ಇನ್‌ಡೆಮ್ನಿಟಿ' ಬಂತು, ಬಾರ್ಬರಾ ಸ್ಟಾನ್‌ವಿಕ್. ಇಲ್ಲೂ ಗಂಡನ ಸಾವು, ಇಲ್ಲೂ ಕ್ಯಾಮೆರಾ ಹೆಂಡತಿ ಮೇಲೆ. ಕಾರ್ ಓಡಿಸ್ತಿದ್ದಾಳೆ, ಪಕ್ಕದಲ್ಲಿ ಕಾಲು ಮುರಿದುಕೊಂಡ ಗಂಡ, ಹಿಂದಿನ ಸೀಟಿನಲ್ಲಿ ಅವಳ ಪ್ರಿಯಕರ, ಇನ್ಶೂರೆನ್ಸ್ ಏಜೆಂಟ್ ನೆಫ್, ಬಚ್ಚಿಟ್ಕೊಂಡಿದ್ದಾನೆ. ಕತ್ತಲೆ ರಸ್ತೆಗೆ ತಿರುಗಿಸಿ ಮೂರು ಸಲ ಹಾರ್ನ್ ಹೊಡೀತಾಳೆ, ಅದೇ ಸಿಗ್ನಲ್ಲು. ಪಕ್ಕದಲ್ಲೇ ಕೊಲೆ ನಡೆಯತ್ತೆ, ನಮಗೆ ಸದ್ದು ಮಾತ್ರ ಕೇಳ್ಸತ್ತೆ, ಕಾಣೋದು ಸ್ಟಾನ್‌ವಿಕ್ ಮುಖ. ಮುಂದಕ್ಕೇ ನೋಡ್ತಿದ್ದಾಳೆ, ಸ್ಟಿಯರಿಂಗ್ ಹಿಡಿದಿದ್ದಾಳೆ, ಡ್ರೈವ್ ಮಾಡೋರು ರಸ್ತೆ ನೋಡ್ಬೇಕಲ್ಲ, ಆ ನೆಪ ಅವಳಿಗೆ ಸಿಕ್ಕಿದೆ. ಡೇವಿಸ್ ಮುಖದಲ್ಲಿ ಒತ್ತಡ ಕಾಣತ್ತೆ, ಸ್ಟಾನ್‌ವಿಕ್ ಮುಖದಲ್ಲಿ ಒಂಥರಾ ನೆಮ್ಮದಿ ಕಾಣತ್ತೆ, ನಂಗೆ ಎರಡನೇದೇ ಹೆಚ್ಚು ಹೆದರಿಕೆ ತರ್ಸೋದು. ಎರಡನ್ನೂ ಒಂದೇ ದಿನ ಒಂದರ ಹಿಂದೆ ಒಂದು ನೋಡಿ, ಒಂದೇ ಸನ್ನಿವೇಶವನ್ನ ಇಬ್ಬರು ದೊಡ್ಡ ನಟಿಯರು ಹೇಗೆ ಬೇರೆ ಬೇರೆ ಮಾಡ್ತಾರೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡಲ್ಲ.

'ಡಬಲ್ ಇನ್‌ಡೆಮ್ನಿಟಿ'ಯಲ್ಲಿ ಬೆಂಕಿಕಡ್ಡಿನೂ ಗಮನಿಸಿ. ಇನ್ಶೂರೆನ್ಸ್ ಆಫೀಸಿನ ಹಿರಿಯ ಕೀಸ್, ಅಂದ್ರೆ ಎಡ್ವರ್ಡ್ ಜಿ. ರಾಬಿನ್ಸನ್, ಸಿಗಾರ್ ಬಾಯಿಗಿಟ್ಟು ಜೇಬೆಲ್ಲಾ ತಡಕ್ತಾನೆ, ಕಡ್ಡಿ ಸಿಗಲ್ಲ, ಪ್ರತಿಸಲ ನೆಫ್ ಹೆಬ್ಬೆರಳಿನ ಉಗುರಲ್ಲಿ ಕಡ್ಡಿ ಗೀರಿ ಹಚ್ಚಿಕೊಡ್ತಾನೆ. ಕೊನೇಲಿ ಗುಂಡೇಟು ತಿಂದು ಕೆಳಗೆ ಬಿದ್ದ ನೆಫ್ ಸಿಗರೇಟ್ ಹಚ್ಚೋಕೆ ಕೈಲಾಗದೆ ಒದ್ದಾಡುವಾಗ ಕೀಸ್ ಕಡ್ಡಿ ತಗೊಂಡು ತಾನೇ ಗೀರಿ ಹಚ್ತಾನೆ. ಇಬ್ಬರು ಗಂಡಸರ ಪ್ರೀತಿ ಅಲ್ಲಿದೆ, ರಾಬಿನ್ಸನ್ ಅದನ್ನ ಕಣ್ಣಲ್ಲಿ ನೀರು ತುಂಬಿಸದೆ ಮಾಡಿದ್ದಾರೆ. ಇಂಥ ನಟನಿಗೆ ಜೀವಮಾನದಲ್ಲಿ ಒಂದು ಆಸ್ಕರ್ ನಾಮಿನೇಶನ್ ಸಿಗ್ಲಿಲ್ಲ, 1973ರಲ್ಲಿ ಗೌರವ ಪ್ರಶಸ್ತಿ ಕೊಡೋ ಹೊತ್ತಿಗೆ ತೀರಿಕೊಂಡಿದ್ರು. ಸ್ಟಾನ್‌ವಿಕ್‌ಗೂ ನಾಲ್ಕು ನಾಮಿನೇಶನ್, ಒಂದೂ ಗೆಲುವಿಲ್ಲ, 1982ರಲ್ಲಿ ಗೌರವ ಪ್ರಶಸ್ತಿ. ಹಾಗಾಗಿ ದಯವಿಟ್ಟು ಆಸ್ಕರ್ ಪಟ್ಟಿ ಇಟ್ಕೊಂಡು ನೋಡೋಕೆ ಹೋಗ್ಬೇಡಿ.

ಇಂಗ್ಲಿಷ್ ಫಾಸ್ಟು ಅಂದ್ರಿ. ಹೌದು, 1940ರ 'ಹಿಸ್ ಗರ್ಲ್ ಫ್ರೈಡೇ' ಥರದ್ದನ್ನ ಇಂಗ್ಲಿಷ್‌ನೋರೇ ಪೂರ್ತಿ ಹಿಡಿಯೋಕಾಗಲ್ಲ, ಬೇಕಂತ್ಲೇ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡೋ ಹಾಗೆ ಮಾಡಿದ್ದಾರೆ. ಅಲ್ಲಿ ಹಿಲ್ಡಿ ಅನ್ನೋ ಪತ್ರಕರ್ತೆ, ರೋಸಲಿಂಡ್ ರಸೆಲ್ ಪಾತ್ರ, ಈ ಕೆಲಸ ಬಿಟ್ಟು ಮದುವೆ ಆಗಿ ಹೊರಟೋಗ್ತೀನಿ ಅಂತ ಹೇಳ್ಕೊಂಡು ಓಡಾಡ್ತಿರ್ತಾಳೆ. ಕೊನೇ ಕಡೆ ದೊಡ್ಡ ಸುದ್ದಿ ಸಿಕ್ಕಿ ಟೈಪ್‌ರೈಟರ್ ಮುಂದೆ ಕೂತಿದ್ದಾಳೆ, ಮದುವೆ ಆಗಬೇಕಾದ ಗಂಡು ಪಕ್ಕದಲ್ಲಿ ನಿಂತು ಬಾ ಹೋಗೋಣ ಅಂತ ಬೇಡ್ಕೊಳ್ತಿದ್ದಾನೆ, ಇವಳು ಏನೋ ಒಂದು ಉತ್ತರ ಹೇಳ್ತಾಳೆ, ಬೆರಳು ಮಾತ್ರ ಟೈಪ್ ಮಾಡೋದು ನಿಲ್ಸಲ್ಲ. ಅವಳು ಯಾರನ್ನ ಮದುವೆ ಆಗಿದ್ದಾಳೆ ಅಂತ ತಿಳಿಯೋಕೆ ಇಂಗ್ಲಿಷ್ ಯಾಕೆ ಬೇಕು? ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ 1970ರ ದಶಕದಲ್ಲಿ ಹಳ್ಳಿ ಜನಕ್ಕೆ ದೇಶವಿದೇಶದ ಸಿನಿಮಾ ತೋರಿಸ್ತು, ಆ ಭಾಷೆಗಳು ಗೊತ್ತಿಲ್ಲದೇ ಇದ್ದೋರೇ ಕೂತು ನೋಡಿದ್ರು, ಚರ್ಚೆ ಮಾಡಿದ್ರು. ಭಾಷೆಯ ಹೆದರಿಕೆ ಬೇಡ.

ನಂಗೆ ತುಂಬಾ ಇಷ್ಟದ ಎರಡು ಸಿನಿಮಾ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ. ಒಂದು 1946ರ 'ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್', ಇದೂ ವೈಲರ್ ಅವರದ್ದೇ. ಯುದ್ಧ ಮುಗಿಸಿ ಮೂರು ಜನ ಊರಿಗೆ ವಾಪಸ್ ಬರ್ತಾರೆ. ಅದರಲ್ಲೊಬ್ಬ ಆಲ್, ಫ್ರೆಡ್ರಿಕ್ ಮಾರ್ಚ್, ಹೇಳದೇ ಕೇಳದೇ ಮನೆ ಬಾಗಿಲಿಗೆ ಬಂದು ನಿಲ್ತಾನೆ, ಬಾಗಿಲು ತೆಗೆದ ಮಗನ ಬಾಯಿ ಮುಚ್ತಾನೆ, ಮಗಳಿಗೂ ಸುಮ್ನಿರು ಅಂತ ಸನ್ನೆ ಮಾಡ್ತಾನೆ. ಒಳಗಡೆಯಿಂದ ಹೆಂಡತಿ ಮಿಲ್ಲಿ ಯಾರದು ಬಾಗಿಲಲ್ಲಿ ಅಂತ ಕೇಳ್ತಾಳೆ, ಉತ್ತರ ಬರಲ್ಲ, ಮಕ್ಕಳ ಹೆಸರು ಹಿಡಿದು ಕರೀತಾಳೆ, ಮತ್ತೆ ಯಾರು ಅಂತ ಕೇಳೋಕೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸ್ತಾಳೆ. ಮಿಲ್ಲಿ ಪಾತ್ರ ಮಿರ್ನಾ ಲಾಯ್. ಆ ಅರ್ಧಕ್ಕೆ ನಿಂತ ಮಾತಿನ ಜೊತೆಗೇ ಕೈಕೆಲಸನೂ ನಿಂತೋಗತ್ತೆ, ಅವಳಿಗೆ ಗೊತ್ತಾಯ್ತು ಅಂತ ನಮಗೆ ಬೆನ್ನು ಭುಜದಿಂದಾನೇ ಗೊತ್ತಾಗಿಬಿಡತ್ತೆ, ಆಮೇಲೆ ತಿರುಗಿ ಬರ್ತಾಳೆ, ಉದ್ದ ಹಜಾರದ ಆ ತುದಿ ಈ ತುದಿಯಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾರೆ. ನಾನು ಎಷ್ಟು ಸಲ ನೋಡಿದ್ರೂ ಅಲ್ಲಿ ಗಂಟಲು ಕಟ್ಟತ್ತೆ.

ಅದೇ ಸಿನಿಮಾದ ಇನ್ನೊಬ್ಬ ಸೈನಿಕ ಹೋಮರ್. ಈ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಟನೇ ಅಲ್ಲ, ಸೈನ್ಯದಲ್ಲಿ ತರಬೇತಿ ಕೊಡುವಾಗ ಸ್ಫೋಟ ಆಗಿ ಎರಡೂ ಕೈ ಕಳ್ಕೊಂಡೋರು, ಕೈಯ ಜಾಗದಲ್ಲಿ ಕಬ್ಬಿಣದ ಕೊಕ್ಕೆ. ಮೊದಲರ್ಧದಲ್ಲಿ ಕಡ್ಡಿ ಗೀರ್ತಾನೆ, ಸಿಗರೇಟ್ ಹಚ್ತಾನೆ, ಆಮೇಲೆ ಪಿಯಾನೋ ಕೂಡ ನುಡಿಸ್ತಾನೆ, ನೋಡ್ರೋ ನಂಗೇನೂ ಆಗಿಲ್ಲ ಅನ್ನೋ ಥರ. ಆದ್ರೆ ಪ್ರೀತಿಸಿದ ಹುಡುಗಿ ವಿಲ್ಮಾನ ಒಂದು ರಾತ್ರಿ ಮೇಲಿನ ರೂಮಿಗೆ ಕರ್ಕೊಂಡು ಹೋಗಿ, ಕೊಕ್ಕೆಗಳನ್ನ ಪಟ್ಟಿ ಸಮೇತ ಕಳಚಿ ಮಂಚದ ಮೇಲೆ ಹಾಕಿ, ಈಗ ಈ ಬಾಗಿಲು ಮುಚ್ಚಿಕೊಂಡ್ರೆ ನಂಗೆ ತೆಗೆಯೋಕೂ ಆಗಲ್ಲ ಅಂತ ಸಮಾಧಾನದ ದನಿಯಲ್ಲಿ ವಿವರಿಸ್ತಾನೆ. ಅವಳು ಅವನ ಪೈಜಾಮದ ಅಂಗಿಗೆ ಗುಂಡಿ ಹಾಕ್ತಾಳೆ. ಯಾರ ಕೈಲಿ ಕೆಲಸ ನಿಂತಿತ್ತೋ ಅವನ ಕೆಲಸ ಇನ್ನೊಬ್ಬರ ಕೈ ಮಾಡತ್ತೆ. ಈ ಒಂದೇ ಪಾತ್ರಕ್ಕೆ ರಸೆಲ್‌ಗೆ ಎರಡು ಆಸ್ಕರ್ ಬಂತು, ಪೋಷಕ ನಟ ಅಂತ ಒಂದು, ಗೌರವ ಪ್ರಶಸ್ತಿ ಇನ್ನೊಂದು.

ಎರಡನೇದು 1960ರ 'ದ ಅಪಾರ್ಟ್‌ಮೆಂಟ್', ವೈಲ್ಡರ್ ಅವರದ್ದು. ಬ್ಯಾಕ್ಸ್‌ಟರ್ ಅನ್ನೋ ಕ್ಲರ್ಕ್, ಜ್ಯಾಕ್ ಲೆಮನ್, ಪ್ರಮೋಶನ್ ಆಸೆಗೆ ತನ್ನ ಫ್ಲ್ಯಾಟಿನ ಕೀ ಬಾಸ್‌ಗಳಿಗೆ ಕೊಡ್ತಿರ್ತಾನೆ, ಅವರು ಹೆಂಡತಿಗೆ ಗೊತ್ತಾಗದ ಹಾಗೆ ಬೇರೆ ಹೆಂಗಸರನ್ನ ಕರ್ಕೊಂಡು ಬರೋಕೆ. ಒಂದಿನ ಮನೇಲಿ ಒಡೆದ ಕನ್ನಡಿ ಇರೋ ಪೌಡರ್ ಡಬ್ಬಿ ಸಿಗತ್ತೆ, ದೊಡ್ಡ ಬಾಸ್ ಶೆಲ್‌ಡ್ರೇಕ್‌ಗೆ ವಾಪಸ್ ಕೊಟ್ಟಿರ್ತಾನೆ. ಇವನು ಇಷ್ಟಪಡೋದು ಆಫೀಸಿನ ಲಿಫ್ಟ್ ಹುಡುಗಿ ಫ್ರ್ಯಾನ್‌ನ, ಶರ್ಲಿ ಮೆಕ್ಲೇನ್. ಕ್ರಿಸ್‌ಮಸ್ ಹಿಂದಿನ ದಿನ ಆಫೀಸ್ ಪಾರ್ಟಿ, ಹೊಸ ಪದವಿಗೆ ತಕ್ಕ ಹಾಗೆ ಹೊಸ ಟೋಪಿ ತಗೊಂಡಿದ್ದಾನೆ, ಹಾಕ್ಕೊಂಡು ಅವಳಿಗೆ ತೋರಿಸ್ತಾನೆ, ಚಿಕ್ಕ ಹುಡುಗನ ಸಂಭ್ರಮ. ನೀನೇ ನೋಡ್ಕೋ ಅಂತ ಅವ್ಳು ಪರ್ಸಿಂದ ಡಬ್ಬಿ ತೆಗೆದುಕೊಡ್ತಾಳೆ. ತೆಗೆದು ನೋಡಿದ್ರೆ ಅದೇ ಒಡೆದ ಕನ್ನಡಿ, ಟೋಪಿ ಹಾಕಿದ ಅವನ ಮುಖ ಎರಡು ಹೋಳಾಗಿ ಕಾಣತ್ತೆ.

ಲೆಮನ್ ಚಟಪಟ ಮಾತಾಡೋ ಕಾಮಿಡಿ ಪಾತ್ರಗಳಿಗೆ ಹೆಸರಾದೋರು, ಈ ಸಿನಿಮಾದಲ್ಲೂ ಅಲ್ಲಿವರೆಗೂ ಕೈ ಬಾಯಿ ಸುಮ್ನಿರಲ್ಲ. ಇಲ್ಲಿ ಎಲ್ಲಾ ಒಮ್ಮೆಲೇ ನಿಂತೋಗತ್ತೆ. ಕನ್ನಡಿ ಒಡೆದಿದೆ ಅಂತ ಮಾತ್ರ ಹೇಳ್ತಾನೆ. ಗೊತ್ತು, ಹಾಗಿರೋದೇ ಇಷ್ಟ, ನಂಗೆ ಹೇಗನ್ಸತ್ತೋ ಹಾಗೇ ಕಾಣ್ತೀನಿ ಅಂತಾಳೆ ಅವಳು. ಇನ್ನೊಂದು ವಿಷಯ, ಅವಳಿಗೂ ಆಗಷ್ಟೇ ಶೆಲ್‌ಡ್ರೇಕ್‌ನ ಸೆಕ್ರೆಟರಿ ಬಂದು, ಇವಳಿಗಿಂತ ಮುಂಚೆ ಯಾರ್ಯಾರು ಇದ್ರು ಅಂತೆಲ್ಲ ಹೇಳಿ ಮನಸ್ಸು ಮುರಿದಿದ್ದಾಳೆ. ಇಬ್ಬರೂ ಒಳಗೆ ಒಡೆದುಹೋಗಿದ್ದಾರೆ, ಇಬ್ಬರೂ ಇನ್ನೊಬ್ಬರಿಗೆ ತೋರಿಸಬಾರದು ಅಂತ ಸಾಮಾನ್ಯ ದನಿಯಲ್ಲಿ ಮಾತಾಡ್ತಿದ್ದಾರೆ, ಸುತ್ತ ಪಾರ್ಟಿ ಗಲಾಟೆ. ಮೆಕ್ಲೇನ್ ಕಡೆ ಒಂದ್ಸಲ, ಲೆಮನ್ ಕಡೆ ಒಂದ್ಸಲ ಅಂತ ಎರಡು ಸಲ ನೋಡಲೇಬೇಕಾದ ಸೀನ್ ಇದು. ಅಂದು ಅವರಿಬ್ಬರಿಗೂ ಆಸ್ಕರ್ ಬರ್ಲಿಲ್ಲ.

1967ರ 'ಇನ್ ದ ಹೀಟ್ ಆಫ್ ದ ನೈಟ್' ಬಗ್ಗೆ ಚಿಕ್ಕದಾಗಿ. ಕಪ್ಪು ಜನಾಂಗದ ಪತ್ತೇದಾರ ಟಿಬ್ಸ್ ಆಗಿ ಸಿಡ್ನಿ ಪಾಯ್ಟಿಯೇ, ಅಮೆರಿಕದ ದಕ್ಷಿಣ ಭಾಗದ ಬಿಳಿ ಪೊಲೀಸ್ ಮುಖ್ಯಸ್ಥನಾಗಿ ಮತ್ತೆ ರಾಡ್ ಸ್ಟೈಗರ್. ಸ್ಟೈಗರ್ ಬಾಯಲ್ಲಿ ಯಾವಾಗ್ಲೂ ಚೂಯಿಂಗ್ ಗಮ್, ಅದನ್ನ ಅಗಿಯೋ ಸ್ಪೀಡು ಫಾಲೋ ಮಾಡಿದ್ರೆ ಆ ಮನುಷ್ಯ ಏನ್ ಯೋಚಿಸ್ತಿದ್ದಾನೆ ಅಂತ ಗೊತ್ತಾಗತ್ತೆ. ಪಾಯ್ಟಿಯೇ ಕೈ ಇದಕ್ಕೆ ವಿರುದ್ಧ, ಒಂದು ಚಲನೆನೂ ವೇಸ್ಟ್ ಇಲ್ಲ. ಊರಿನ ಜಮೀನ್ದಾರ ಎಂಡಿಕಾಟ್ ಕೆನ್ನೆಗೆ ಹೊಡೆದ ತಕ್ಷಣ, ಉಸಿರಾಡೋಷ್ಟೂ ಗ್ಯಾಪ್ ಇಲ್ಲದೆ, ಟಿಬ್ಸ್ ತಿರುಗಿ ಹೊಡೀತಾನೆ. ಯೋಚನೆ ಮಾಡಿ ಹೊಡೆದಿದ್ರೆ ಅದು ಧೈರ್ಯ ಅನ್ನಿಸ್ತಿತ್ತು, ಯೋಚನೆ ಮಾಡದೆ ಹೊಡೆದಿದ್ದಕ್ಕೆ ಅದು ಅವನ ಹಕ್ಕು ಅನ್ಸತ್ತೆ. 1967ರ ಅಮೆರಿಕದ ತೆರೆ ಮೇಲೆ ಅದು ಸಣ್ಣ ವಿಷಯ ಅಲ್ಲ. ಸ್ಟೈಗರ್‌ಗೆ ಆಸ್ಕರ್ ಬಂತು, ಪಾಯ್ಟಿಯೇಗೆ ನಾಮಿನೇಶನ್ ಕೂಡ ಇಲ್ಲ. ಇದನ್ನ ಬರೆಯುವಾಗ ನಂಗೆ ಈಗ್ಲೂ ಸಿಟ್ಟು ಬರತ್ತೆ.

ಒಂದು ಎಚ್ಚರಿಕೆ. ಕೈಯಲ್ಲಿ ವಸ್ತು ಇದ್ದ ಮಾತ್ರಕ್ಕೆ ನಟನೆ ಅಲ್ಲ. ಬ್ರಾಂಡೊ ನೋಡಿ ಆಮೇಲೆ ಬಂದ ಎಷ್ಟೋ ಜನ ಸುಮ್ಮನೆ ಕತ್ತು ಕೆರೆಯೋದು, ಗ್ಲಾಸ್ ಉರುಳಿಸೋದು, ಮೂಗು ಸವರೋದು ಶುರು ಮಾಡಿದ್ರು, ಆ ವಸ್ತು ತೆಗೆದುಬಿಟ್ರೂ ಸೀನ್‌ಗೆ ಏನೂ ಆಗಲ್ಲ, ಅಂಥದ್ದು ಬರೀ ಅಲಂಕಾರ. ಗವಸು ತೆಗೆದುಬಿಡಿ, ಈಡಿ ಅಲ್ಲಿ ನಿಲ್ಲೋದೇ ಇಲ್ಲ. ಇನ್ನೊಂದು, ಕೆಲವೊಮ್ಮೆ ಕೆಲಸ ಮಾಡೋದು ಕ್ಯಾಮೆರಾ, ನಾವು ಅದನ್ನ ನಟನೆ ಅಂದ್ಕೊಳ್ತೀವಿ. ಹಿಚ್‌ಕಾಕ್‌ರ 'ನಟೋರಿಯಸ್'ನಲ್ಲಿ ಪಾರ್ಟಿ ನಡೀತಿರೋ ಹಾಲ್‌ನ ಮೇಲಿಂದ ಕ್ಯಾಮೆರಾ ಇಳೀತಾ ಇಳೀತಾ ಬಂದು ಇಂಗ್ರಿಡ್ ಬರ್ಗ್‌ಮನ್ ಕೈಯಲ್ಲಿರೋ, ಗಂಡನಿಂದ ಕದ್ದ ಕೀ ಮೇಲೆ ನಿಲ್ಲತ್ತೆ, ಅದ್ಭುತ ಶಾಟ್, ಆದ್ರೆ ಅದರ ಪೂರ್ತಿ ಕ್ರೆಡಿಟ್ ನಿರ್ದೇಶಕರದ್ದು. ಅದಕ್ಕೆ ಮುಂಚೆ ಗಂಡ ಅವಳ ಒಂದು ಕೈಗೆ ಮುತ್ತಿಟ್ಟು ಇನ್ನೊಂದು ಕೈ ಹಿಡಿಯೋಕೆ ಹೋದಾಗ, ಕೀ ಸಿಕ್ಕಿಬೀಳತ್ತೆ ಅಂತ ತಟ್ಟನೆ ಅವನ ಕತ್ತು ತಬ್ಬಿಕೊಂಡು ಹಿಂದುಗಡೆ ಕೀನ ನೆಲಕ್ಕೆ ಬೀಳಿಸಿ ಕಾಲಲ್ಲಿ ತಳ್ತಾಳಲ್ಲ, ಬರ್ಗ್‌ಮನ್ ನಟನೆ ಇರೋದು ಅಲ್ಲಿ. ಗಂಡನಿಗೆ ಅದು ಪ್ರೀತಿ ಥರ ಕಾಣ್ಬೇಕು, ನಮಗೆ ಭಯ ಕಾಣ್ಬೇಕು, ಎರಡೂ ಒಂದೇ ಅಪ್ಪುಗೆಯಲ್ಲಿ.

ಎಲ್ಲಿಂದ ಶುರು ಅಂದ್ರೆ, 'ದ ಅಪಾರ್ಟ್‌ಮೆಂಟ್' ಇಂದ ಶುರು ಮಾಡಿ. ಇಂದಿನ ಕಣ್ಣಿಗೆ ಹತ್ತಿರ, ನಗು ಇದೆ, ಆಫೀಸ್ ರಾಜಕೀಯ ನಮಗೆಲ್ಲ ಗೊತ್ತಿರೋದೇ. ಆಮೇಲೆ 'ವಾಟರ್‌ಫ್ರಂಟ್', ಆಮೇಲೆ 'ಡಬಲ್ ಇನ್‌ಡೆಮ್ನಿಟಿ'. 'ಬೆಸ್ಟ್ ಇಯರ್ಸ್' ಮೂರು ಗಂಟೆ ಹತ್ತಿರ ಇದೆ, ಬಿಡುವಿರೋ ಭಾನುವಾರಕ್ಕೆ ಇಟ್ಕೊಳ್ಳಿ. ಪೂರ್ತಿ ಸಿನಿಮಾ ಸಬ್‌ಟೈಟಲ್ ಹಾಕ್ಕೊಂಡು ನೋಡಿ, ಮುಗಿದ ಮೇಲೆ ನಾನು ಹೇಳಿದ ಸೀನ್‌ಗೆ ವಾಪಸ್ ಹೋಗಿ ಸೌಂಡ್ ಆಫ್ ಮಾಡಿ, ಸಬ್‌ಟೈಟಲ್ ಕೂಡ ತೆಗೆದು ನೋಡಿ, ಯಾಕಂದ್ರೆ ಕಣ್ಣು ಕೆಳಗೆ ಓದ್ತಿದ್ರೆ ಕೈ ಕಾಣಲ್ಲ. ಕಪ್ಪುಬಿಳುಪಿಗೆ ಆಮೇಲೆ ಬಣ್ಣ ಹಚ್ಚಿದ ಕಾಪಿ ಸಿಕ್ಕಿದ್ರೆ ಬಿಟ್ಟುಬಿಡಿ, ಆ ಲೈಟಿಂಗ್ ಮುಖದ ಮೇಲೆ ಮಾಡೋ ಕೆಲಸವೇ ಹೋಗಿಬಿಡತ್ತೆ. ಟಿವಿ ಸೆಟ್ಟಿಂಗ್‌ನಲ್ಲಿ ಚಿತ್ರವನ್ನ ಅಗಲಕ್ಕೆ ಎಳೆಯೋ ಆಪ್ಶನ್, ಮೋಷನ್ ಸ್ಮೂದಿಂಗ್ ಅನ್ನೋ ಆಪ್ಶನ್ ಎರಡನ್ನೂ ಆಫ್ ಮಾಡಿ, ಹಳೇ ಸಿನಿಮಾ ಸೀರಿಯಲ್ ಥರ ಕಾಣೋಕೆ ಎಷ್ಟೋ ಸಲ ಅದೇ ಕಾರಣ. ನೋಡಿದ ಮೇಲೆ ಯಾವ ಸೀನ್ ಹಿಡಿಸ್ತು, ಯಾವುದು ಹಿಡಿಸ್ಲಿಲ್ಲ ಅಂತ ನಿಮಿಷ ಸಮೇತ ಬರೀರಿ, ಹಿಡಿಸ್ದೇ ಇರೋದರ ಬಗ್ಗೆನೇ ಮೊದ್ಲು ಮಾತಾಡೋಣ.